ಕಂಪ್ಯೂಟರ್ ಆಫ್ ಮಾಡಿದ್ರಾ ಅಪ್ಪ?

ಅಪ್ಪ ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಿದ್ದು ಅವರ ಕಂಪ್ಯೂಟರಿನ ಟಾಸ್ಕ್ ಮ್ಯಾನೇಜರ್ ತೆರೆದ ದಿನ. ಬೇಸಿಗೆಯಲ್ಲಿ ನಾಲ್ಕು ದಿನ ರಜೆ ಹಾಕಿ ಸಾಗರದ ಮನೆಗೆ ಹೋಗಿದ್ದೆ. "ಪುಟ್ಟಿ, ಇದು ಯಾಕೋ ಕುಂಟ್ತಾ ಇದೆ, ಸ್ವಲ್ಪ ನೋಡು" ಅಂದರು. ನಾನು ಎಲ್ಲರೂ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದೆ. "ರಾತ್ರಿ ಆಫ್ ಮಾಡ್ತೀರಾ?" ಅವರಿಗೆ ಸ್ವಲ್ಪ ಬೇಜಾರೇ ಆಯಿತು. "ಮಾಡದೆ? ದಿನಾ ಶಟ್‌ಡೌನ್ ಮಾಡಿ, ಗೋಡೆ ಸ್ವಿಚ್ ತೆಗೆದೇ ಮಲಗೋದು." ಟಾಸ್ಕ್ ಮ್ಯಾನೇಜರಿನಲ್ಲಿ 'ಅಪ್ ಟೈಮ್' ಅಂತ ಒಂದು ಲೆಕ್ಕ ಇರುತ್ತದಲ್ವಾ, ಯಂತ್ರ ಶುರುವಾಗಿ ಎಷ್ಟು ಹೊತ್ತಾಯಿತು ಅಂತ, ಅದು 23 ದಿನ ತೋರಿಸುತ್ತಿತ್ತು.

ನಲವತ್ತು ವರ್ಷ ಮೇಷ್ಟ್ರಾಗಿದ್ದವರು. ಮನೆಯಿಂದ ಹೊರಡುವಾಗ ಗ್ಯಾಸಿನ ಕಿವಿಯನ್ನು ಎರಡು ಸಲ ಮುಟ್ಟಿ ನೋಡುವವರು. ಅವರು ಮರೆಯುತ್ತಾರೆ ಅಂದರೆ ನಂಬುವುದು ಕಷ್ಟ. ಆದರೆ ಪರದೆ ಮೇಲೆ ಅಂಕಿ ಇದೆ. ನಾನು ಅಂಕಿಯನ್ನು ನಂಬಿದೆ. "ವಯಸ್ಸಾಯ್ತು, ಮರೆತಿರ್ತೀರಿ" ಅಂದೂ ಬಿಟ್ಟೆ. ಅವರು ಏನೂ ಹೇಳದೆ ಪೇಪರ್ ಎತ್ತಿಕೊಂಡರು.

ಮರುದಿನ ರಾತ್ರಿ ಕಾದು ಕೂತು ನೋಡಿದೆ. ಅಪ್ಪ ಶಟ್‌ಡೌನ್ ಒತ್ತಿದರು. ಫ್ಯಾನ್ ನಿಂತಿತು. ಗೋಡೆ ಸ್ವಿಚ್ ತೆಗೆದರು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಆನ್ ಮಾಡಿ ನೋಡಿದರೆ 24 ದಿನ!

ತಪ್ಪು ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಅನ್ನುವ ಏರ್ಪಾಡಿನದು. 2012ರಲ್ಲಿ ವಿಂಡೋಸ್ 8ರ ಜೊತೆ ಬಂದದ್ದು, ಆಮೇಲೆ ಕಾಯಂ ಆಗಿ ಉಳಿಯಿತು. ಶಟ್‌ಡೌನ್ ಒತ್ತಿದರೆ ನಾವು ತೆರೆದಿಟ್ಟದ್ದೆಲ್ಲ ಮುಚ್ಚುತ್ತದೆ, ಅದು ನಿಜ. ಆದರೆ ವಿಂಡೋಸಿನ ಒಳತಿರುಳು ಮುಚ್ಚುವುದಿಲ್ಲ. ಆ ಹೊತ್ತಿಗೆ ಅದು ಹೇಗಿತ್ತೋ ಹಾಗೇ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮರುದಿನ ಅದನ್ನೇ ಎತ್ತಿಕೊಂಡು ಮುಂದುವರಿಯುತ್ತದೆ. ಹಾಗಾಗಿ ಬೇಗ ಶುರುವಾಗುತ್ತದೆ. ಹಾಗಾಗಿಯೇ ಹಳೆಯ ಗಲೀಜೂ ಹಾಗೇ ಉಳಿಯುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕು ಅಂದರೆ ರೀಸ್ಟಾರ್ಟ್ ಒತ್ತಬೇಕು. ಆಫ್ ಅಂದರೆ ಆಫ್ ಅಲ್ಲ, ರೀಸ್ಟಾರ್ಟ್ ಅಂದರೇನೇ ನಿಜವಾದ ಆಫ್. ಇದನ್ನು ಎಪ್ಪತ್ತು ದಾಟಿದ ಮೇಷ್ಟ್ರಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಹೇಳಿದೆ. "ಹಂಗಾದ್ರೆ ಶಟ್‌ಡೌನ್ ಅಂತ ಯಾಕೆ ಬರ್ದಿದಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಿತ್ತಳೆ ಬಣ್ಣದ ಅಕ್ಷರ

ಸುಮ್ನೆ ಯೋಚಿಸಿದರೆ, ಒಂದು ಕಾಲದಲ್ಲಿ ಈ ಗೊಂದಲ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ದೇವರ ಕೋಣೆಗೆ ಹೋದ ಹಾಗೆ. ಆರು ಕಂಪ್ಯೂಟರಿಗೂ ಹೂವಿನ ಚಿತ್ತಾರದ ಬಟ್ಟೆಯ ಹೊದಿಕೆ. ಆನ್ ಮಾಡಿದ ತಕ್ಷಣ ಕಪ್ಪು ಪರದೆಯ ಬಲ ಮೂಲೆಯಲ್ಲಿ 'ಎನರ್ಜಿ ಸ್ಟಾರ್' ಅಂತ ಒಂದು ನಕ್ಷತ್ರದ ಗುರುತು ಬರುತ್ತಿತ್ತು, ನೆನಪಿದೆಯಾ? ಅದು ಕಂಪ್ಯೂಟರ್ ಕಂಪನಿಯ ಹೆಸರು ಅಂತಲೇ ನಾನು ಬಹಳ ದಿನ ಅಂದುಕೊಂಡಿದ್ದೆ. ಅಮೆರಿಕದ ಪರಿಸರ ಇಲಾಖೆ 1992ರಲ್ಲಿ ಶುರು ಮಾಡಿದ ಕರೆಂಟ್ ಉಳಿತಾಯದ ಗುರುತು ಅದು ಅಂತ ಗೊತ್ತಾಗಿದ್ದು ತುಂಬಾ ಆಮೇಲೆ. ಅದು ಮೊದಲು ಕೈ ಹಾಕಿದ್ದೇ ಕಂಪ್ಯೂಟರ್ ಮತ್ತು ಮಾನಿಟರಿಗೆ. ಬಳಸದೆ ಬಿಟ್ಟ ಯಂತ್ರ ತಾನಾಗಿ ಮಂಕಾಗಬೇಕು ಅನ್ನುವ ಯೋಚನೆ ಮನೆಮನೆಗೆ ಬಂದದ್ದು ಅಲ್ಲಿಂದ.

ಆ ಕಂಪ್ಯೂಟರುಗಳಲ್ಲಿ ವಿಂಡೋಸ್ 95 ಇತ್ತು. ಶಟ್‌ಡೌನ್ ಕೊಟ್ಟರೆ ಸ್ವಲ್ಪ ಹೊತ್ತು ಕರಕರ ಅಂದು, ಕೊನೆಗೆ ಕಪ್ಪು ಪರದೆ ಮೇಲೆ ಕಿತ್ತಳೆ ಬಣ್ಣದ ಅಕ್ಷರ ಬರುತ್ತಿತ್ತು. ಈಗ ಕಂಪ್ಯೂಟರ್ ಆರಿಸಿದರೆ ತೊಂದರೆಯಿಲ್ಲ ಅಂತ. ಆಮೇಲೆ ನಾವೇ ಕೈಯಾರೆ ದಪ್ಪ ಬಟನ್ ಒತ್ತಬೇಕು. ಟಕ್. ಅದು ನಿಜವಾದ ಸ್ವಿಚ್. ಒಳಗೆ ತಂತಿಯನ್ನೇ ತುಂಡರಿಸುವಂಥದ್ದು. ಅಕ್ಷರ ಬರುವ ಮೊದಲೇ ಒತ್ತಿದರೆ ಸರ್ ತಲೆಗೆ ಮೊಟಕುತ್ತಿದ್ದರು. ಯಂತ್ರ ತನ್ನ ಕೆಲಸ ಮುಗಿಸಿ 'ಆಯ್ತು' ಅನ್ನಬೇಕು, ಆಮೇಲೆ ಮನುಷ್ಯ ಕರೆಂಟ್ ತೆಗೆಯಬೇಕು. ಇಬ್ಬರಿಗೂ ಅವರವರ ಪಾಲಿನ ಕೆಲಸ.

1995ರಲ್ಲಿ ಇಂಟೆಲ್ ಮದರ್‌ಬೋರ್ಡಿಗೆ, ಅಂದರೆ ಕಂಪ್ಯೂಟರಿನ ಒಳಗಿನ ಮುಖ್ಯ ಹಲಗೆಗೆ, ಎಟಿಎಕ್ಸ್ ಅನ್ನುವ ಹೊಸ ಮಾದರಿ ತಂದಿತು. ಮರುವರ್ಷ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಕರೆಂಟ್ ನಿಭಾಯಿಸಲು ಎಸಿಪಿಐ ಅನ್ನುವ ನಿಯಮಗಳ ಕಟ್ಟು ಹೊರಡಿಸಿದವು. ಕ್ರಮೇಣ ಕರೆಂಟಿನ ಯಜಮಾನಿಕೆ ಬಟನ್ನಿನಿಂದ ವಿಂಡೋಸಿನ ಕೈಗೆ ಹೋಯಿತು. ಕ್ಯಾಬಿನೆಟ್ಟಿನ ಮೇಲಿರುವುದು ಈಗ ಸ್ವಿಚ್ ಅಲ್ಲ, ಕರೆಗಂಟೆ. ಒತ್ತಿದರೆ ಒಳಗಿನವರಿಗೆ ಸುದ್ದಿ ಹೋಗುತ್ತದೆ. ಏನು ಮಾಡಬೇಕು ಅಂತ ಅವರು ನೋಡಿಕೊಳ್ಳುತ್ತಾರೆ. ಮಲಗಬಹುದು, ಆರಬಹುದು, ಸುಮ್ಮನೂ ಇರಬಹುದು. ಆರಿಸಿದ ಮೇಲೂ ಮದರ್‌ಬೋರ್ಡಿಗೆ ಐದು ವೋಲ್ಟಿನ ಸಣ್ಣ ಕರೆಂಟ್ ಹರಿಯುತ್ತಲೇ ಇರುತ್ತದೆ, ಯಾರಾದರೂ ಮತ್ತೆ ಕರೆದರೆ ಕೇಳಿಸಲಿ ಅಂತ. ಅಪ್ಪನ ಗೋಡೆ ಸ್ವಿಚ್ಚೊಂದೇ ಇವತ್ತಿಗೂ ಕರೆಂಟ್ ಕಿತ್ತುಹಾಕುವ ನಿಜವಾದ ಸ್ವಿಚ್. ನಾನು ಮಾಡಿದ ಮೊದಲ ಕೆಲಸ, ಅದನ್ನು ಮುಟ್ಟಬೇಡಿ ಅಂತ ಹೇಳಿದ್ದು.

ನನ್ನ ಜಾಣತನ

ಹಾಗೆ ಹೇಳಲು ಕಾರಣ ಇತ್ತು. ಬ್ಯಾಂಕಿನ ಪುಟ ತೆರೆಯುತ್ತಿಲ್ಲ ಅಂತ ಅಪ್ಪನದು ಇನ್ನೊಂದು ದೂರು. ನೋಡಿದರೆ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿತ್ತು. ತಾರೀಖು ತಪ್ಪಿದ್ದರೆ ಬ್ರೌಸರ್ ಬ್ಯಾಂಕಿನ ಪುಟಗಳನ್ನು ನಂಬುವುದಿಲ್ಲ. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಸಿಆರ್ 2032 ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದು. ಗೋಡೆ ಸ್ವಿಚ್ ಹಾಕಿದ್ದರೆ ಆ ಐದು ವೋಲ್ಟಿನಲ್ಲೇ ಗಡಿಯಾರ ಓಡುತ್ತದೆ, ಸೆಲ್ ಉಳಿಯುತ್ತದೆ. ಅಪ್ಪ ದಿನಾ ತೆಗೆದು ತೆಗೆದು ಸೆಲ್ ಬೇಗ ಸತ್ತಿತ್ತು. ಪೇಟೆಯಿಂದ ಹೊಸ ಸೆಲ್ ತಂದು ಹಾಕಿ, "ಇನ್ಮೇಲೆ ಗೋಡೆ ಸ್ವಿಚ್ ತೆಗಿಬೇಡಿ" ಅಂದೆ.

ಆಮೇಲೆ ಫಾಸ್ಟ್ ಸ್ಟಾರ್ಟಪ್ ತೆಗೆಯಬೇಕಲ್ಲ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಒಂದು ಟಿಕ್ ತೆಗೆದಿದ್ದರೆ ಸಾಕಿತ್ತು. ಆದರೆ ನಾನು ಬೆಂಗಳೂರಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. ಟಿಕ್ ತೆಗೆಯುವುದು ನನ್ನ ಘನತೆಗೆ ಕಡಿಮೆ. ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿ ತೆರೆದು, ಎಲ್ಲೋ ಓದಿದ್ದ ಒಂದು ಸಾಲಿನ ಆಜ್ಞೆ ಟೈಪ್ ಮಾಡಿದೆ. ಪವರ್‌ಸಿಎಫ್‌ಜಿ, ಎಚ್, ಆಫ್. ಹೈಬರ್ನೇಟ್, ಅಂದರೆ ತೆರೆದಿಟ್ಟದ್ದನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಆರುವ ಏರ್ಪಾಡು, ಪೂರ್ತಿ ಬಂದ್. ಅದರ ಬೆನ್ನ ಮೇಲೇ ನಿಂತಿರುವ ಫಾಸ್ಟ್ ಸ್ಟಾರ್ಟಪ್ಪೂ ಬಂದ್. ಡಿಸ್ಕಿನಲ್ಲಿ ಮೂರು ಜಿಬಿಗೂ ಜಾಸ್ತಿ ಜಾಗ ಖಾಲಿಯಾಯಿತು. ಒಂದೇ ಏಟಿಗೆ ಎರಡು ಕೆಲಸ ಅಂತ ಖುಷಿ.

ಅಪ್ಪನದು ಹಳೆಯ ಹಾರ್ಡ್ ಡಿಸ್ಕ್. ಫಾಸ್ಟ್ ಸ್ಟಾರ್ಟಪ್ ಹೋದ ಮೇಲೆ ಶುರುವಾಗಲು ಎರಡು ನಿಮಿಷ ಹಿಡಿಯತೊಡಗಿತು. ಅವರು ಒಂದೇ ಸಲ ಕೂತು ಬರೆಯುವವರಲ್ಲ. ತೋಟಕ್ಕೆ ಹೋಗುವಾಗ ಏನೋ ನೆನಪಾದರೆ ತಿರುಗಿ ಬಂದು ಎರಡು ಸಾಲು ಹೊಡೆದು ಹೋಗುವವರು. ಅದಕ್ಕೆ ಸ್ಲೀಪ್ ಹೇಳಿಕೊಟ್ಟೆ. ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ ತಾನೇ ಮಲಗುವ ಹಾಗೆ ಮಾಡಿದೆ. "ಆಫ್ ಮಾಡೋದೇ ಬೇಡ ಅಪ್ಪ. ಎದ್ದು ಹೋಗಿ ಅಷ್ಟೆ. ಬಂದು ಮೌಸ್ ಅಲ್ಲಾಡಿಸಿದ್ರೆ ಬಿಟ್ಟಲ್ಲೇ ಇರುತ್ತೆ."

ಅವರ ಚಿಂತೆ ಬೇರೆಯೇ ಇತ್ತು. ಯೂನಿಟ್. ಗೃಹಜ್ಯೋತಿ ಬಂದ ಮೇಲೆ ನಮ್ಮೂರಿನಲ್ಲಿ ಎಲ್ಲರೂ ಮೀಟರ್ ಓದುವುದನ್ನು ಕಲಿತಿದ್ದಾರೆ. 200 ಯೂನಿಟ್ ಉಚಿತ ಅನ್ನುವುದು ಬಾಯಿಮಾತು. ನಿಜವಾಗಿ ಸಿಗುವುದು 2022-23ರಲ್ಲಿ ನಮ್ಮ ಮನೆ ಸರಾಸರಿ ಎಷ್ಟು ಬಳಸಿತ್ತೋ ಅಷ್ಟು, ಅದರ ಮೇಲೆ ಇನ್ನು ಶೇಕಡ 10. ಅದನ್ನು ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಅಪ್ಪ ಕ್ಯಾಲೆಂಡರಿನಲ್ಲಿ ವಾರ ವಾರ ರೀಡಿಂಗ್ ಬರೆದಿಡುತ್ತಾರೆ, ಏಕಾದಶಿ ಅಮಾವಾಸ್ಯೆಗಳ ಪಕ್ಕದಲ್ಲಿ. "ರಾತ್ರಿ ಇಡೀ ಮಲ್ಕೊಂಡಿದ್ರೆ ಕರೆಂಟ್ ತಿನ್ನಲ್ವಾ?" ಅಂದರು. ಪ್ಲಗ್ಗಿಗೆ ಸಿಕ್ಕಿಸಿ ಅಳೆಯುವ ಸಣ್ಣ ಮೀಟರ್ ನನ್ನ ಬ್ಯಾಗಿನಲ್ಲೇ ಇತ್ತು. ಇಬ್ಬರೂ ಕೂತು ಅಳೆದೆವು. ಪರದೆ ಉರಿಯುತ್ತಿದ್ದಾಗ 52 ವ್ಯಾಟ್. ಮಾನಿಟರ್ ಮಾತ್ರ ಆರಿಸಿದರೆ 36. ಮಾನಿಟರ್ ಆರಿಸಿದರೆ ಕಂಪ್ಯೂಟರ್ ಆರಿದ ಹಾಗೆ ಅಂತ ಅಮ್ಮ ನಂಬಿದ್ದಳು. ಎಷ್ಟೋ ಆಫೀಸುಗಳಲ್ಲೂ ಜನ ಹಾಗೇ ಮಾಡಿ ಮನೆಗೆ ಹೋಗುತ್ತಾರೆ. ಸ್ಲೀಪಿನಲ್ಲಿ 2 ವ್ಯಾಟ್. ದಿನಕ್ಕೆ ಇಪ್ಪತ್ತು ಗಂಟೆ ಲೆಕ್ಕ ಹಿಡಿದರೆ ಸುಮ್ಮನೆ ಬಿಟ್ಟ ಕಂಪ್ಯೂಟರ್ ತಿಂಗಳಿಗೆ 21.6 ಯೂನಿಟ್, ಮಲಗಿದ್ದು 1.2 ಯೂನಿಟ್. ತಮಾಷೆ ಅಂದರೆ, ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಯುಪಿಎಸ್ ಒಂದೇ 7 ವ್ಯಾಟ್ ಎಳೆಯುತ್ತಿತ್ತು. ಕಾವಲುಗಾರನ ಊಟವೇ ಮಲಗಿದ ಯಜಮಾನನದಕ್ಕಿಂತ ಜಾಸ್ತಿ. ಅಪ್ಪ ಎಲ್ಲವನ್ನೂ ಬರೆದುಕೊಂಡು, "ಸರಿ ಹಂಗಾದ್ರೆ" ಅಂದರು. ನಾನು ಬೆಂಗಳೂರಿಗೆ ಬಂದೆ.

ನಾಲ್ಕು ಪುಟ

ಜುಲೈ ತಿಂಗಳು. ಸಾಗರದ ಮಳೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ನಾಡಿಗೆಲ್ಲ ಕರೆಂಟ್ ಕೊಡುವ ಲಿಂಗನಮಕ್ಕಿ ನಮ್ಮ ತಾಲೂಕಿನಲ್ಲೇ ಇದೆ. ಹಾಗಂತ ತಂತಿ ಮೇಲೆ ಮರ ಬೀಳುವುದು ತಪ್ಪುತ್ತದೆಯೇ?

ಅಪ್ಪ ಆಗ ತಮ್ಮ ಮೇಷ್ಟ್ರಿಕೆಯ ನೆನಪು ಬರೆಯುತ್ತಿದ್ದರು. ಮೊದಲ ಕೆಲಸ ಹಿನ್ನೀರಿನ ಆಚೆ, ತುಮರಿಯ ಕಡೆ. ವಾರಕ್ಕೊಮ್ಮೆ ಲಾಂಚಿನಲ್ಲಿ ದಾಟಿ ಮನೆಗೆ ಬರುತ್ತಿದ್ದ ದಿನಗಳು. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಆಯಿತಲ್ಲ, ಅದಾದ ಮೇಲೆ ಅವರಿಗೆ ಲಾಂಚಿನ ಬಗ್ಗೆ ಬರೆಯಲೇಬೇಕು ಅನ್ನಿಸಿತ್ತು. ವರ್ಡ್‌ಪ್ಯಾಡಿನಲ್ಲಿ, ನುಡಿ ಕೀಲಿಮಣೆಯಲ್ಲಿ, ಎರಡೇ ಬೆರಳಿನಲ್ಲಿ ಹೊಡೆಯುವುದು. ಆ ದಿನ ಬೆಳಿಗ್ಗೆಯಿಂದ ನಾಲ್ಕು ಪುಟ ಆಗಿತ್ತು. ಹನ್ನೊಂದೂವರೆಗೆ ಸ್ನಾನಕ್ಕೆ ಎದ್ದರು. ಸೇವ್ ಮಾಡಲಿಲ್ಲ. ಯಾಕೆ ಮಾಡಬೇಕು? ಎದ್ದು ಹೋದರೆ ಬಿಟ್ಟಲ್ಲೇ ಇರುತ್ತದೆ ಅಂತ ಮಗಳು ಹೇಳಿದ್ದಾಳೆ.

ಊಟ ಮುಗಿಸಿ ಬಂದು ಮೌಸ್ ಅಲ್ಲಾಡಿಸಿದರು. ಏನೂ ಇಲ್ಲ. ಕರೆಂಟ್ ಬಂದ ಮೇಲೆ ಬಟನ್ ಒತ್ತಿದರೆ ಮೊದಲಿಂದ ಶುರುವಾಯಿತು. ಸಂಜೆ ಫೋನಿನಲ್ಲಿ ಕೇಳಿದರು. "ಪುಟ್ಟಿ, ಬರೆದಿದ್ದು ಎಲ್ಲಿ ಹೋಗಿರುತ್ತೆ?" ಹೋಗಿರುತ್ತದೆ ಅಂತ ಅವರು ಕೇಳಿದ ರೀತಿ. ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಜಾಗ ಗೊತ್ತಾದರೆ ಸಾಕು ಅನ್ನುವ ಹಾಗೆ. ಎಲ್ಲೂ ಇರಲಿಲ್ಲ. ಸ್ಲೀಪ್ ಅಂದರೆ ಬರೆದದ್ದೆಲ್ಲ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲೇ ಇರುತ್ತದೆ. ರ‍್ಯಾಮ್ ಅಂದರೆ ಬೊಗಸೆಯ ನೀರು, ಕೈ ಹಿಡಿದಿರುವಷ್ಟು ಹೊತ್ತು ಮಾತ್ರ. ಆ 2 ವ್ಯಾಟ್ ಹೋಗುವುದು ಅದನ್ನು ಹಿಡಿದಿಡುವುದಕ್ಕೇ. "ಯುಪಿಎಸ್ ಇತ್ತಲ್ಲ ಅಪ್ಪ?" ಅಂದೆ. "ಇತ್ತಪ್ಪ" ಅಂದರು. ಬ್ಯಾಟರಿ ಹಳೆಯದಾಗಿರಬೇಕು ಅಂತ ನಾನೇ ಸಮಾಧಾನ ಮಾಡಿಕೊಂಡೆ.

ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿ ಎರಡು ಗಂಟೆ

ಚೌತಿಗೆ ಹೋದಾಗ ಹಾಲಿನಲ್ಲೇ ಚಾಪೆ ಹಾಸಿ ಮಲಗಿದ್ದೆ. ನಡುರಾತ್ರಿ ಮುಖದ ಮೇಲೆ ಬೆಳಕು. ಕಂಪ್ಯೂಟರ್ ತಾನಾಗಿ ಎದ್ದು ಕೂತಿದೆ. ಫ್ಯಾನ್ ಗುಂಯ್ ಅನ್ನುತ್ತಿದೆ. ಮಾನಿಟರ್ ಮೇಲೆ ಯಾರೋ ಒಂದು ಟವೆಲ್ ಹೊದಿಸಿದ್ದಾರೆ, ಅದರ ಅಂಚಿನಿಂದ ನೀಲಿ ಬೆಳಕು ಸೋರುತ್ತಿದೆ. ನೀರು ಕುಡಿಯಲು ಎದ್ದ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಅದಾ? ದಿನಾ ಏಳುತ್ತೆ ಈ ಹೊತ್ತಿಗೆ. ಮೊದ್ಲು ಹೆದರಿಕೆ ಆಗ್ತಿತ್ತು. ಅದ್ಕೇ ಟವೆಲ್ ಹಾಕಿದ್ದು" ಅಂದಳು. ಗಂಟೆ ನೋಡಿದರೆ ಸರಿಯಾಗಿ ಎರಡು.

ವಿಂಡೋಸ್ 10ಕ್ಕೆ ದಿನಾ ರಾತ್ರಿ ಎರಡಕ್ಕೆ ಮನೆ ಗುಡಿಸುವ ಅಭ್ಯಾಸ. ಆಟೊಮ್ಯಾಟಿಕ್ ಮೇಂಟೆನೆನ್ಸ್ ಅಂತ. ಬೇಕಿದ್ದರೆ ಮಲಗಿದ ಯಂತ್ರವನ್ನು ಎಬ್ಬಿಸಿಯೂ ಗುಡಿಸುತ್ತದೆ. ನಿದ್ದೆ ಹೇಗೂ ಹೋಗಿತ್ತು. ಕಪ್ಪು ಕಿಟಕಿ ತೆರೆದು ಯಾರು ಎಬ್ಬಿಸಿದರು ಅಂತ ಕೇಳಿದೆ. ಪವರ್‌ಸಿಎಫ್‌ಜಿ ಜೊತೆ ಲಾಸ್ಟ್‌ವೇಕ್ ಅಂತ ಸೇರಿಸಿದರೆ ಹೇಳುತ್ತದೆ. ಟೈಮರ್ ಅಂತಲೇ ಬಂತು. ಎಬ್ಬಿಸಲು ಯಾರ್‍ಯಾರಿಗೆ ಅನುಮತಿ ಇದೆ ಅಂತ ನೋಡಿದರೆ ಪಟ್ಟಿಯಲ್ಲಿ ಮೌಸೂ ಇತ್ತು. ಬೆಕ್ಕು ಮೇಜು ಹತ್ತಿದರೂ ಏಳುತ್ತದೆ ಅಂತ ಅಮ್ಮ ಹೇಳಿದ್ದು ಸುಳ್ಳಲ್ಲ.

ಹಾಗೇ ಕೈಯಾಡಿಸುತ್ತಾ, ಈ ಯಂತ್ರಕ್ಕೆ ಯಾವ ಯಾವ ಬಗೆಯ ನಿದ್ದೆ ಗೊತ್ತು ಅಂತ ಕೇಳುವ ಆಜ್ಞೆಯನ್ನೂ ಕೊಟ್ಟೆ. ಸಿಗುವುದು ಸ್ಲೀಪ್ ಒಂದೇ. ಸಿಗದವುಗಳ ಪಟ್ಟಿ ಕೆಳಗಿತ್ತು. ಹೈಬರ್ನೇಟ್ ಇಲ್ಲ, ಬಂದ್ ಮಾಡಲಾಗಿದೆ. ಹೈಬ್ರಿಡ್ ಸ್ಲೀಪ್ ಇಲ್ಲ, ಹೈಬರ್ನೇಟ್ ಇಲ್ಲದ್ದರಿಂದ.

ಆ ಎರಡನೇ ಸಾಲನ್ನು ಮತ್ತೆ ಮತ್ತೆ ಓದಿದೆ. ಮೇಜಿನ ಮೇಲಿನ ಕಂಪ್ಯೂಟರುಗಳಿಗಾಗಿಯೇ ಇರುವ ಏರ್ಪಾಡು ಹೈಬ್ರಿಡ್ ಸ್ಲೀಪ್. ಮಲಗುವ ಮೊದಲು ರ‍್ಯಾಮ್‌ನಲ್ಲಿ ಇರುವುದನ್ನೆಲ್ಲ ಡಿಸ್ಕಿಗೂ ಒಂದು ಪ್ರತಿ ಬರೆದು, ಆಮೇಲೆ ಮಲಗುತ್ತದೆ. ಕರೆಂಟ್ ಇದ್ದರೆ ಬೇಗ ಏಳುತ್ತದೆ, ಹೋದರೆ ಡಿಸ್ಕಿನಿಂದ ಎತ್ತಿಕೊಂಡು ಬರುತ್ತದೆ. ಬೇಸಿಗೆಯಲ್ಲಿ ನಾನು ಒಂದೇ ಏಟಿಗೆ ಎರಡು ಅಂತ ಹೊಡೆದದ್ದು ಮೂರಕ್ಕೆ ತಾಗಿತ್ತು. ಅದು ಇದ್ದಿದ್ದರೆ ಲಾಂಚಿನ ನಾಲ್ಕು ಪುಟ ಉಳಿಯುತ್ತಿತ್ತು. ಮೂರು ಜಿಬಿ ಜಾಗ ಉಳಿಸಲು ಹೇಳುವ ಆ ಸಲಹೆ ಬರೆದವರ ಮನೆಯಲ್ಲಿ ಕರೆಂಟ್ ಹೋಗುವುದಿಲ್ಲ ಅಂತ ಕಾಣುತ್ತದೆ. ನನ್ನ ಬೆಂಗಳೂರಿನ ಮನೆಯಲ್ಲೂ ಹೋಗುವುದಿಲ್ಲ, ಹೋದರೆ ಅಪಾರ್ಟ್‌ಮೆಂಟಿನ ಜನರೇಟರ್ ಇದೆ, ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ನಾನು ಅಪ್ಪನ ಕಂಪ್ಯೂಟರಿಗೆ ಹಾಕಿದ್ದು ನನ್ನ ಮನೆಯ ಲೆಕ್ಕ.

ಬೆಳಿಗ್ಗೆ ಕಾಯಿ ತುರಿಯುತ್ತಾ ಅಮ್ಮ ಉಳಿದ ಅರ್ಧ ಹೇಳಿದಳು. ಯುಪಿಎಸ್ ಬ್ಯಾಟರಿ ಚೆನ್ನಾಗಿಯೇ ಇತ್ತಂತೆ. ಕರೆಂಟ್ ಹೋದ ತಕ್ಷಣ ಅದು ಕೀಂ ಕೀಂ ಅನ್ನತೊಡಗಿತು. ನಿಲ್ಲಲೇ ಇಲ್ಲ. ಅಪ್ಪ ಸ್ನಾನಕ್ಕೆ ಹೋಗಿದ್ದರು. "ಹೋಗಿ ನೋಡಿದೆ. ಕಂಪ್ಯೂಟರ್ ಆಫಾಗಿತ್ತು, ಕಪ್ಪಗಿತ್ತು. ಸುಮ್ನೆ ಯಾಕೆ ಕೂಗ್ಬೇಕು ಅಂತ ಯುಪಿಎಸ್ ಬಟನ್ ಒತ್ತಿದೆ." ಅಷ್ಟು ಹೇಳಿ, ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾಕೆ, ಒತ್ತಬಾರ್ದಿತ್ತಾ?"

"ಇಲ್ಲಮ್ಮ, ಏನಾಗಲ್ಲ" ಅಂದೆ.

ಈಗ ಇರುವ ಹಾಗೆ

ಆ ಮಧ್ಯಾಹ್ನ ಎಲ್ಲ ಬದಲಿಸಿದೆ. ಹೈಬರ್ನೇಟ್ ಮತ್ತೆ ಶುರು ಮಾಡಿದೆ. ಫಾಸ್ಟ್ ಸ್ಟಾರ್ಟಪ್ಪಿನ ಟಿಕ್ಕನ್ನು ಮಾತ್ರ, ಮರ್ಯಾದೆಯಿಂದ, ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ತೆಗೆದೆ. ಹತ್ತು ನಿಮಿಷಕ್ಕೆ ಪರದೆ ಆರಬೇಕು, ಅರ್ಧ ಗಂಟೆಗೆ ಹೈಬರ್ನೇಟ್ ಆಗಬೇಕು. ಸ್ಲೀಪ್ ಬೇಡವೇ ಬೇಡ. ಹೈಬ್ರಿಡ್ ಸ್ಲೀಪ್ ಸಾಕಿತ್ತು ಅಂತ ತಿಳಿದವರು ಅನ್ನಬಹುದು. ಆದರೆ ಅದೂ ಮಲಗಿರುವಾಗ ಕರೆಂಟ್ ಬೇಡುತ್ತದೆ, ಅಪ್ಪ ಮತ್ತೆ ಗೋಡೆ ಸ್ವಿಚ್ಚಿಗೆ ಮರಳುತ್ತಾರೆ ಅಂತ ನನಗೆ ಗೊತ್ತಿತ್ತು. ರಾತ್ರಿ ಎರಡರ ಗುಡಿಸುವಿಕೆಗೆ ಎಬ್ಬಿಸುವ ಹಕ್ಕು ತೆಗೆದೆ. ಬೆಕ್ಕಿನದೂ ತೆಗೆದೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದೆ. ಹೈಬರ್ನೇಟಿನಿಂದ ಏಳಲು ಈಗ ಇಪ್ಪತ್ತು ಸೆಕೆಂಡೂ ಬೇಡ.

ಹೈಬರ್ನೇಟ್ ಅನ್ನುವ ಮಾತನ್ನು ವಿಂಡೋಸ್ ಯಾಕೋ ಮೆನುವಿನಲ್ಲಿ ತೋರಿಸದೆ ಬಚ್ಚಿಟ್ಟಿರುತ್ತದೆ. ಪವರ್ ಬಟನ್ ಒತ್ತಿದರೆ ಏನಾಗಬೇಕು ಅನ್ನುವ ಪುಟಕ್ಕೆ ಹೋಗಿ ಟಿಕ್ ಹಾಕಬೇಕು. ಅಲ್ಲೇ ಕ್ಯಾಬಿನೆಟ್ಟಿನ ಬಟನ್ನಿಗೂ ಹೈಬರ್ನೇಟ್ ಕೊಟ್ಟೆ. ಈಗ ಅಪ್ಪ ಯಾವ ಮೆನುವನ್ನೂ ಹುಡುಕಬೇಕಿಲ್ಲ. ಬಟನ್ ಒತ್ತುತ್ತಾರೆ. ಪರದೆ ಕಪ್ಪಾಗುತ್ತದೆ, ಡಿಸ್ಕಿನ ದೀಪ ಸ್ವಲ್ಪ ಹೊತ್ತು ಮಿಣುಕುತ್ತದೆ, ಆಮೇಲೆ ಫ್ಯಾನ್ ನಿಲ್ಲುತ್ತದೆ. "ಫ್ಯಾನ್ ನಿಂತ್ಮೇಲೆ ಗೋಡೆ ಸ್ವಿಚ್ ತೆಗಿರಿ" ಅಂದೆ. "ತೆಗಿಬಹುದಾ?" ಅಂತ ಎರಡು ಸಲ ಕೇಳಿದರು. ಗುಡುಗು ಬಂದರೆ ಪ್ಲಗ್ಗನ್ನೇ ಕಿತ್ತಿಡಬಹುದು, ಬರೆದದ್ದು ಬಿಟ್ಟಲ್ಲೇ ಇರುತ್ತದೆ. ಸಿಆರ್ 2032 ಸೆಲ್ ಮತ್ತೆ ಬೇಗ ಸಾಯುತ್ತದೆ, ಸಾಯಲಿ. ಎರಡು ಸೆಲ್ ತಂದು ದೇವರ ಗೂಡಿನ ಪಕ್ಕದ ಡಬ್ಬದಲ್ಲಿ ಇಟ್ಟಿದ್ದೇನೆ. ಯುಪಿಎಸ್ಸೂ ರಾತ್ರಿ ಆಫ್. ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ರೀಡಿಂಗ್ ಮೂರು ಯೂನಿಟ್ ಕಡಿಮೆ ಇತ್ತಂತೆ.

ಮೊದಲ ದಿನ ಅಪ್ಪ ಬಟನ್ ಒತ್ತಿ, ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಕಿವಿ ಸ್ವಲ್ಪ ಮಂದ ಅವರಿಗೆ. ಫ್ಯಾನ್ ನಿಂತದ್ದು ಕೈಗೆ ಗೊತ್ತಾಗುತ್ತದೆ. ನಿಂತ ಮೇಲೂ ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಗೋಡೆಯ ಕಡೆ ಹೋಗಿ ಟಕ್ ಅನ್ನಿಸಿದರು.

ಆ ಲಾಂಚಿನ ಅಧ್ಯಾಯವನ್ನು ಮತ್ತೆ ಬರೆದಿದ್ದಾರೆ. ಈ ಸಲ ಆರು ಪುಟ ಆಗಿದೆ. ಟೈಪ್ ಮಾಡುವ ಮೊದಲು ಎಲ್ಲವನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿರುತ್ತಾರೆ. ಹೋದ ಸಲ ಊರಿಗೆ ಹೋದಾಗ ಅದು ಕೀಬೋರ್ಡ್ ಪಕ್ಕದಲ್ಲೇ ಇತ್ತು. "ಈಗ ಬೇಕಾಗಿಲ್ಲ ಅಪ್ಪ, ಏನೂ ಹೋಗಲ್ಲ" ಅಂದೆ. "ಗೊತ್ತು ಮಗಾ. ಅಕ್ಷರ ಕೆಡಬಾರ್ದು ಅಂತ ಬರೀತೀನಿ ಅಷ್ಟೆ" ಅಂದರು.